ಈರಕ್ಕ ಇಮೇಲ್ ಮಿಷಿನ್ನಿಗೆ ಮಾತು ಕಲಿಸಿದ್ದು

ಹಿರಿಯೂರಿನ ತೆಂಗಿನಕಾಯಿ ಮಂಡಿಗಳ ಹಿಂದಿನ ಬೀದಿಯಲ್ಲಿ, ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ, ಕುರಿ ಸಾಕುವವರ ಸಂಘದ ಕಚೇರಿ ಇದೆ. ಮೆಟ್ಟಿಲು ಹತ್ತಿ ಬಂದವರಿಗೆ ಮೊದಲು ಕಾಣುವುದು ಈರಕ್ಕನ ಮೇಜು. ಇಪ್ಪತ್ತೆರಡು ವರ್ಷದಿಂದ ಅವಳು ಅದೇ ಮೇಜಿನ ಹಿಂದೆ ಕೂತಿದ್ದಾಳೆ. ಹಾಜರಿ ಪುಸ್ತಕದಲ್ಲಿ ಅವಳ ಹುದ್ದೆ ‘ಟೈಪಿಸ್ಟ್’ ಎಂದಿದೆ. ಬಂದವರು ಮಾತ್ರ ಕಾರ್ಯದರ್ಶಿಗಳ ಕೋಣೆಯ ಕಡೆ ತಿರುಗಿಯೂ ನೋಡದೆ ಸೀದಾ ಅವಳ ಮುಂದೆಯೇ ನಿಂತು, “ಈರಕ್ಕ, ನಮ್ದೊಂದು ಕಾಗ್ದ ಐತೆ” ಎನ್ನುತ್ತಾರೆ.

ಕಾಗದಕ್ಕೂ ಅವಳಿಗೂ ನಂಟು ಹಳೆಯದು. ಅವಳು ಹುಟ್ಟಿದ್ದು ಐಮಂಗಲದಾಚೆಯ ಒಂದು ಹಟ್ಟಿಯಲ್ಲಿ. ಐವತ್ತು ಮನೆ, ಎರಡು ಸಾವಿರ ಕುರಿ, ಓದಬಲ್ಲವರು ನಾಲ್ಕೇ ಮಂದಿ. ಆ ನಾಲ್ವರಲ್ಲಿ ಮೂವರು ಬೇಕೆಂದಾಗ ಊರಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಏಳನೇ ಕ್ಲಾಸಿನ ಈರಕ್ಕನೇ ಹಟ್ಟಿಗೆಲ್ಲ ಕಾಗದ ಓದುವವಳಾದಳು. ಕೂಲಿ ಒಂದು ಬೊಗಸೆ ಹುರಿದ ಕಡಲೆಕಾಯಿ. ಯಾರಾದರೂ ಮುದುಕಿ “ಇನ್ನೊಂದ್ ಸಲ ಓದವ್ವ” ಎಂದರೆ ಇನ್ನೊಂದು ಹಿಡಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ದಿನಾ ಹಿರಿಯೂರಿಗೆ ಬಸ್ಸಿನಲ್ಲಿ ಓಡಾಡಿ ಟೈಪಿಂಗ್ ಕಲಿತಳು. ಮದುವೆಯಾಗಿದ್ದೂ ಕುರಿ ಇದ್ದ ಮನೆಗೇ. ಗಂಡ ಕಾಟಲಿಂಗಪ್ಪನದು ಮಾತು ಕಮ್ಮಿ, ತಮಾಷೆ ಜಾಸ್ತಿ. ಮಗಳು ಶಾಲೆಗೆ ಹೋಗತೊಡಗಿದ ವರ್ಷ ಸಂಘದವರು ಟೈಪಿಸ್ಟ್ ಬೇಕೆಂದರು, ಈರಕ್ಕ ಹೋಗಿ ಕೂತಳು.

ಕೆಲವು ವರ್ಷಗಳ ಹಿಂದಿನವರೆಗೂ ಸಂಘಕ್ಕೆ ಬರುವ ಅರ್ಜಿ, ದೂರು, ಎಲ್ಲವೂ ಕಾರ್ಯದರ್ಶಿ ಶಿವಕುಮಾರಪ್ಪನವರ ವಾಟ್ಸಾಪಿಗೇ ಬರುತ್ತಿದ್ದವು. ಒಂದು ದಿನ ಅವರು ತೋಟದ ಬಾವಿಯಲ್ಲಿ ಮೋಟಾರು ನೋಡಲು ಬಗ್ಗಿದರು. ಅಂಗಿಯ ಜೇಬಿನಿಂದ ಫೋನು ಜಾರಿತು. ಒಂದೂವರೆ ವರ್ಷದ ಅರ್ಜಿಗಳೆಲ್ಲ ಅದರ ಜೊತೆಗೇ ಮುಳುಗಿದವು. ಮುಂದಿನ ಸಭೆಯಲ್ಲಿ ಸದಸ್ಯರು ಕಾರ್ಯದರ್ಶಿಗಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಇನ್ನು ಮೇಲೆ ಏನಿದ್ದರೂ ಕಚೇರಿಯ ಇಮೇಲಿಗೇ ಬರತಕ್ಕದ್ದು, ಇಮೇಲ್ ಬಾವಿಗೆ ಬೀಳುವುದಿಲ್ಲ ಎಂದು ಠರಾವು ಮಾಡಿದರು.

ಕುರಿಗಾರರಿಗೆಲ್ಲಿ ಇಮೇಲ್ ಬರುತ್ತದೆ ಎಂದು ಕೇಳಬೇಡಿ. ದೀಪಾವಳಿ ಕಳೆದು ಮಂದೆಗಳು ಹೊಳಲ್ಕೆರೆ ದಾಟಿ ಭದ್ರಾವತಿಯ ಗದ್ದೆಬಯಲಿನ ಕಡೆಗೆ ಹೊರಟ ಮೇಲೆ, ಏನಾದರೂ ಹೇಳಬೇಕೆನಿಸಿದ ಕುರಿಗಾರ ಹತ್ತಿರದ ಊರಿನ ಜೆರಾಕ್ಸ್ ಅಂಗಡಿಗೆ ಹೋಗುತ್ತಾನೆ. ಅವನು ಬಾಯಲ್ಲಿ ಹೇಳುತ್ತಾನೆ, ಅಂಗಡಿಯವನು ತನಗೆ ಬಂದ ಹಾಗೆ ಬರೆದು ಕಳಿಸುತ್ತಾನೆ. ಸಂಘದಲ್ಲಿ ಒಂಬೈನೂರು ಸದಸ್ಯರು. ದಿನಕ್ಕೆ ಅರವತ್ತು ಎಪ್ಪತ್ತು ಇಮೇಲ್. ಈರಕ್ಕ ಒಂದೊಂದನ್ನೇ ತೆರೆದು, ಓದಿ, ಪ್ರಿಂಟು ತೆಗೆದು ಮೂರು ಟ್ರೇಗಳಿಗೆ ಹಾಕುತ್ತಿದ್ದಳು. ಕುರಿಗೆ ಕಾಯಿಲೆ ಎಂದರೆ ಕೆಂಪು ಟ್ರೇ, ಅದು ಸಂಘದ ಪಶುವೈದ್ಯ ಡಾಕ್ಟರ್ ಪ್ರಭುಲಿಂಗ ಅವರಿಗೆ. ಕಂಬಳಿ, ಉಣ್ಣೆ ಕೇಳಿದ್ದು ನೀಲಿಗೆ. ಮಿಕ್ಕಿದ್ದೆಲ್ಲ ಮೂರನೆಯದಕ್ಕೆ. ಕೊನೆಯ ಇಮೇಲ್ ಓದುವ ಹೊತ್ತಿಗೆ ಮಧ್ಯಾಹ್ನ ಎರಡು ದಾಟುತ್ತಿತ್ತು.

ಹೀಗಿರುವಾಗ ಕಾರ್ಯದರ್ಶಿಗಳು ಕರೆಸಿದ್ದಕ್ಕೆ ಚಿತ್ರದುರ್ಗದಿಂದ ಚೈತ್ರಾ ಬಂದಳು. ಇಪ್ಪತ್ತಾರು ವರ್ಷದ ಹುಡುಗಿ. ಕೋಟೆಗೆ ಹೋಗುವ ರಸ್ತೆಯಲ್ಲಿ ಗೆಳತಿಯರಿಬ್ಬರ ಜೊತೆ ಸೇರಿ ಒಂದು ಕೋಣೆ ಹಿಡಿದು, ಸಂಘ ಸಂಸ್ಥೆಗಳಿಗೆ ಬೇಕಾದ ವೆಬ್ ಅಪ್ಲಿಕೇಷನ್ ಮಾಡಿಕೊಡುತ್ತಿದ್ದಳು. ಈರಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪು ಬಿಚ್ಚಿ ವಿವರಿಸಿದಳು.

“ನೋಡಿ ಅಕ್ಕ, ಇಮೇಲ್ ಬಂದ ತಕ್ಷಣ ಇದೇ ಓದ್ಕೊಳ್ಳುತ್ತೆ. ಯಾರು ಕಳಿಸಿದ್ದು ಅಂತ ನೋಡಿ ಅವರ ಹೆಸರಲ್ಲಿ ನಮೂದು ಮಾಡುತ್ತೆ. ಫೋಟೋ ಇದ್ದರೆ ಬೇರೆ ತೆಗೆದಿಡುತ್ತೆ. ಕಾಯಿಲೆ ವಿಷಯ ಆದರೆ ಡಾಕ್ಟರ ಫೋನಿಗೆ ಹೋಗುತ್ತೆ, ಕಂಬಳಿ ಆದರೆ ಗೋದಾಮಿಗೆ. ಕಳಿಸಿದವರಿಗೆ ‘ನಿಮ್ಮ ಪತ್ರ ತಲುಪಿತು’ ಅಂತ ಉತ್ತರಾನೂ ಹೋಗುತ್ತೆ.”

“ಎಷ್ಟೊತ್ತಾಗ್ತೈತೆ?”

“ಒಂದು ನಿಮಿಷದೊಳಗೆ.”

ಶಿವಕುಮಾರಪ್ಪನವರಿಗೆ ಖುಷಿಯೋ ಖುಷಿ. “ಇನ್ಮ್ಯಾಲೆ ನಿಮಗೆ ಆರಾಮು ಬಿಡ್ರಿ ಈರಕ್ಕ” ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಇಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿದವಳಿಗೆ ಆರಾಮು ಅಂದರೆ ಏನೆಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಸಂಜೆ ಐಮಂಗಲದ ಬಸ್ಸಿಳಿದು ಈರಕ್ಕ ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿಕೊಂಡಳು. ಕಾಟಲಿಂಗಪ್ಪ ಕುರಿ ರೊಪ್ಪದ ಬಾಗಿಲಿಗೆ ಮುಳ್ಳಿನ ತಡಿಕೆ ಎಳೆಯುತ್ತಾ ಪೂರ್ತಿ ಕೇಳಿಸಿಕೊಂಡ.

“ಹೇಳಿದ್ದು ಒಂದ್ ನಿಮಿಷದಾಗೆ ತಿಳ್ಕಂತೈತಾ ಅದು?”

“ಹೂಂ ಅಂತೆ.”

“ಹಂಗಾರೆ ಮನೆಗೊಂದು ಹಾಕ್ಸು. ಸಾರಿಗೆ ಉಪ್ಪಿಲ್ಲ ಅಂತ ಮೂರ್ ದಿನದಿಂದ ಹೇಳ್ತಾ ಇದೀನಿ.”

ಈರಕ್ಕನಿಗೆ ನಗು ತಡೆಯಲಾಗಲಿಲ್ಲ.

ಮಿಷಿನ್ನು ಶುರುವಾಯಿತು. ಚೈತ್ರಾ ಅದನ್ನು ಅಪ್ಲಿಕೇಷನ್ ಎನ್ನುತ್ತಿದ್ದಳು, ಈರಕ್ಕನ ಬಾಯಲ್ಲಿ ಅದು ಮೊದಲ ದಿನದಿಂದ ಮಿಷಿನ್ನೇ. ನಾಲ್ಕನೇ ದಿನ ಐಮಂಗಲದ ಜೆರಾಕ್ಸ್ ಅಂಗಡಿಯ ರಂಗೇಶ್ ದುಮುಗುಡುತ್ತಾ ಮೆಟ್ಟಿಲು ಹತ್ತಿ ಬಂದ.

“ಈರಕ್ಕ, ನಂಗೆ ಒಂದ್ ಕೋಳಿನೂ ಇಲ್ಲ. ನಿಮ್ ಡಾಕ್ಟ್ರು ಅಂಗಡಿಗೆ ಬಂದು, ನಿಮ್ಮ ಸಾವಿರದ ನಾನೂರು ಕುರಿ ಎಲ್ಲವೆ ಅಂತ ಕೇಳ್ತಾರೆ!”

ನೋಡಿದರೆ ತಪ್ಪು ಯಾರದೂ ಅಲ್ಲ. ಸುತ್ತಲಿನ ಐದಾರು ಹಟ್ಟಿಯವರು ಕಳಿಸುವುದೆಲ್ಲ ರಂಗೇಶನ ಅಂಗಡಿಯ ಇಮೇಲಿನಿಂದಲೇ. ಕಳಿಸಿದವರು ಯಾರು ಎಂದು ನೋಡುವ ಮಿಷಿನ್ನು ಎಲ್ಲರ ಕುರಿಗಳನ್ನೂ ರಂಗೇಶನ ಹೆಸರಿಗೆ ಬರೆದಿತ್ತು. ಆ ವಾರ ಹಿರಿಯೂರು ತಾಲ್ಲೂಕಿನಲ್ಲಿ ಅವನಿಗಿಂತ ದೊಡ್ಡ ಕುರಿಗಾರ ಇರಲಿಲ್ಲ.

ಅದೇ ವಾರ ಹೊಳಲ್ಕೆರೆಯ ಹೆಂಗಸೊಬ್ಬರು ಸಂಘದಿಂದ ತರಿಸಿಕೊಂಡ ಕರಿ ಕಂಬಳಿಯನ್ನು ಹೊಗಳಿ ಬರೆದರು. ‘ಕಂಬಳಿ ಬಲು ಚೆನ್ನಾಗಿದೆ. ನೋಡಿದ ನೆಂಟರೆಲ್ಲ ಹೊಟ್ಟೆ ಉರಿದುಕೊಂಡರು’ ಎಂದಿತ್ತು. ಮಿಷಿನ್ನಿಗೆ ಹೊಟ್ಟೆ ಉರಿ ಎಂದರೆ ಕಾಯಿಲೆ. ಡಾಕ್ಟರಿಗೆ ತುರ್ತು ಎಂದು ಕಳಿಸಿತು. ಡಾಕ್ಟರ್ ಪ್ರಭುಲಿಂಗ ಆ ಕ್ಷಣವೇ ಫೋನ್ ಮಾಡಿ, “ಎಷ್ಟಕ್ಕೆ ಹೊಟ್ಟೆ ಉರಿ ಬಂದೈತಮ್ಮ?” ಎಂದು ಕೇಳಿದರು.

“ನಮ್ ಓರಗಿತ್ತೇರು ಇಬ್ಬರಿಗೂ ಬಂದೈತೆ ಸರ್” ಎಂದರು ಆಕೆ.

“ಮೇವು ತಿಂತವಾ?”

ಅಲ್ಲಿಂದ ಮುಂದೆ ಆಕೆ ಏನು ಉತ್ತರ ಕೊಟ್ಟರೋ, ಡಾಕ್ಟರು ಯಾರಿಗೂ ಹೇಳಲಿಲ್ಲ. ಕಚೇರಿಯವರೆಲ್ಲ ನಕ್ಕರು, ಈರಕ್ಕನೂ ನಕ್ಕಳು. ಒಳಗೊಳಗೇ ಸ್ವಲ್ಪ ಸಮಾಧಾನವೂ ಆಯಿತು. ಇಷ್ಟು ಬೇಗ ತನ್ನ ಕುರ್ಚಿ ಅಲ್ಲಾಡುವುದಿಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡಿದ್ದಕ್ಕೆ ಆಮೇಲೆ ಅವಳಿಗೇ ನಾಚಿಕೆಯಾಯಿತು.

ಏಕೆಂದರೆ ಎರಡು ವಾರ ಕಳೆದು ಒಂದು ಸೋಮವಾರ ಕಂಪ್ಯೂಟರು ಹಾಕಿದಾಗ ಅದರಲ್ಲಿ ನಾಲ್ಕು ಸಾವಿರದ ಇನ್ನೂರ ಹನ್ನೊಂದು ಇಮೇಲ್ ಬಂದು ಬಿದ್ದಿದ್ದವು.

ಆಗಿದ್ದು ಇಷ್ಟು. ಶನಿವಾರ ಸಂಜೆ ಹುಬ್ಬಳ್ಳಿಯ ಕಂಬಳಿ ಅಂಗಡಿಯೊಂದು ಬೆಲೆ ಕೇಳಿ ಬರೆದಿತ್ತು. ಮಿಷಿನ್ನು ‘ನಿಮ್ಮ ಪತ್ರ ತಲುಪಿತು, ಧನ್ಯವಾದ’ ಎಂದು ಉತ್ತರ ಕಳಿಸಿತು. ಆ ಅಂಗಡಿಯವರೂ ಇಂಥದ್ದೇ ಒಂದನ್ನು ಇಟ್ಟುಕೊಂಡಿದ್ದರು. ಅದು ‘ನಿಮ್ಮ ಸಂದೇಶ ಬಂದಿದೆ, ಧನ್ಯವಾದ’ ಎಂದಿತು. ಅದು ಬಂದದ್ದಕ್ಕೆ ಇದು ಮತ್ತೆ ಧನ್ಯವಾದ ಹೇಳಿತು. ಭಾನುವಾರ ಎರಡೂ ಕಚೇರಿ ರಜೆ. ನಿಲ್ಲಿಸುವವರಿಲ್ಲದೆ ಎರಡೂ ಮಿಷಿನ್ನು ಇಡೀ ದಿನ ಪರಸ್ಪರ ಉಪಚಾರ ಮಾಡಿಕೊಂಡಿದ್ದವು.

“ಮದ್ವೆ ಮನ್ಯಾಗೆ ಬೀಗ್ರು ಆಡಂಗೆ ಆಡವೆ” ಎಂದಳು ಈರಕ್ಕ. “ನೀವು ಮೊದ್ಲು ಕುಂತ್ಕಳ್ರಿ, ಇಲ್ಲ ನೀವು ಮೊದ್ಲು ಕುಂತ್ಕಳ್ರಿ ಅಂತ.”

ನಗುತ್ತಲೇ ಆ ರಾಶಿಯನ್ನು ಅಳಿಸುತ್ತಾ ಹೋದಳು. ಒಂದೇ ಸಾಲು, ಒಂದೇ ಸಾಲು, ಒಂದೇ ಸಾಲು. ನಡುವೆ ಎಲ್ಲೋ ಒಂದು ಸಾಲು ಬೇರೆ ಥರ ಕಂಡಿತು. ಕೈ ನಿಂತಿತು. ಹೊಳಲ್ಕೆರೆ ಕಡೆಯ ಒಂದು ಹಳ್ಳಿಯ ಜೆರಾಕ್ಸ್ ಅಂಗಡಿಯಿಂದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಂದದ್ದು:

‘ಕುರಿ ಮೂತಿ ಊದ್ಯಾವೆ. ಮೇಯಲ್ವು. ನಾಲಿಗೆ ನೇರಳೆಹಣ್ಣು ತಿಂದಂಗೆ ಆಗೈತೆ. ಮೂರು ಮಲಗ್ಯಾವೆ. ಬೇಗ ಬರ್ರಿ. ಮುದ್ದಪ್ಪ.’

ಈರಕ್ಕನ ನಗು ಹಾರಿಹೋಯಿತು. ಓದಿದೊಡನೆ ಅವಳಿಗೆ ಗೊತ್ತಾಯಿತು, ಇದು ನೀಲಿನಾಲಿಗೆ ರೋಗ. ಆದರೆ ಮುದ್ದಪ್ಪ ರೋಗದ ಹೆಸರು ಬರೆಸಿರಲಿಲ್ಲ. ಮಿಷಿನ್ನಿಗೆ ಕಂಡದ್ದು ನೇರಳೆಹಣ್ಣು ಮಾತ್ರ. ಅದನ್ನು ‘ಇತರೆ’ ಎಂಬ ಕಡೆ ಎತ್ತಿಹಾಕಿ, ಮುದ್ದಪ್ಪನಿಗೆ ‘ನಿಮ್ಮ ಪತ್ರ ತಲುಪಿತು, ಧನ್ಯವಾದ’ ಎಂದು ಉತ್ತರ ಕೊಟ್ಟಿತ್ತು. ತಲುಪಿತು ಎಂಬ ಆ ಮಾತನ್ನು ನಂಬಿಕೊಂಡು ಮುದ್ದಪ್ಪ ಭಾನುವಾರವೆಲ್ಲ ರಸ್ತೆ ನೋಡುತ್ತಾ ಕೂತಿರಬೇಕು.

ಅವಳು ಡಾಕ್ಟರಿಗೆ ಫೋನ್ ಮಾಡಿದಳು. ಪ್ರಭುಲಿಂಗ ತಿಂಡಿಯ ತಟ್ಟೆ ಅಲ್ಲೇ ಬಿಟ್ಟು ಬೈಕ್ ಹತ್ತಿದರು. ಮಧ್ಯಾಹ್ನ ಅವರಿಂದ ಸುದ್ದಿ ಬಂತು. ಅರವತ್ತರಲ್ಲಿ ಎರಡು ಹೋಗಿದ್ದವು. ಕಾಯಿಲೆ ಬಿದ್ದವನ್ನು ಬೇರೆ ಕಟ್ಟಿಸಿ, ಬಾಯಿ ತೊಳೆಸಿ, ಗಂಜಿ ಕುಡಿಸಿ, ಔಷಧಿ ಕೊಟ್ಟಾಗಿತ್ತು. ಉಳಿದವು ಉಳಿಯುತ್ತವೆ ಎಂದರು.

ಶಿವಕುಮಾರಪ್ಪನವರ ಮುಖ ಕೆಂಪಾಯಿತು. ಚೈತ್ರಾಳನ್ನು ಅವತ್ತೇ ಕರೆಸಿಕೊಂಡರು. ಹುಡುಗಿ ಬಂದು ತಲೆ ತಗ್ಗಿಸಿ ನಿಂತಳು.

“ತೆಗೆದು ಹಾಕಮ್ಮ ಇದನ್ನ. ನಮಗೆ ಬ್ಯಾಡ. ನಮ್ ಈರಕ್ಕ ಓದಿದ್ರೆ ಹಿಂಗಾಗ್ತಿರಲಿಲ್ಲ” ಎಂದರು.

ಈರಕ್ಕನಿಗೆ ಅದು ಬೇಕಾದ ಮಾತೇ. ಒಂದು ತಿಂಗಳಿಂದ ಅದನ್ನೇ ಕೇಳಬೇಕೆಂದು ಕಾದಿದ್ದಳು. ಆದರೆ ಕೇಳಿಸಿದಾಗ ಒಪ್ಪಿಕೊಳ್ಳಲಾಗಲಿಲ್ಲ. ಬಾಗಿಲ ಹತ್ತಿರದ ತನ್ನ ಮೇಜಿನಿಂದ ಎದ್ದು ಕಾರ್ಯದರ್ಶಿಗಳ ಕೋಣೆಗೆ ಹೋದಳು.

“ಸರ್, ಬೇಜಾರು ಮಾಡ್ಕಬ್ಯಾಡ್ರಿ. ಆ ಕಾಗ್ದ ಬಂದಿದ್ದು ಭಾನುವಾರ. ಭಾನುವಾರ ನಾನು ಎಲ್ಲಿದ್ದೆ? ಮನ್ಯಾಗೆ ಬಟ್ಟೆ ಒಗೀತಿದ್ದೆ. ನಾನಾಗಿದ್ರೂ ಸೋಮವಾರ ಮಧ್ಯಾಹ್ನಕ್ಕೇ ಓದ್ತಿದ್ದದ್ದು. ಇದು ಭಾನುವಾರವೇ ಓದೈತೆ, ತಿಳೀಲಿಲ್ಲ ಅಷ್ಟೆ. ತಿಳೀದಿದ್ರೆ ಅದ್ರ ತಪ್ಪಾ? ನಾವ್ಯಾರು ಅದಕ್ಕೆ ಹೇಳ್ಕೊಟ್ಟಿದೀವಿ?”

ಚೈತ್ರಾ ತಲೆ ಎತ್ತಿದಳು.

“ಹೇಳ್ಕೊಡಬಹುದಾ ಅದಕ್ಕೆ?” ಎಂದು ಈರಕ್ಕ ಅವಳನ್ನು ಕೇಳಿದಳು.

“ಕೊಡಬಹುದು ಅಕ್ಕ. ಆದರೆ ಯಾವ ಮಾತು ಏನು ಅಂತ ನನಗೆ ಗೊತ್ತಿಲ್ಲ. ಪುಸ್ತಕದಲ್ಲಿದ್ದ ರೋಗದ ಹೆಸರು ಮಾತ್ರ ಹಾಕಿದೀನಿ.”

“ಕುರಿಗಾರ ಪುಸ್ತಕ ನೋಡ್ಕಂಡು ಮಾತಾಡ್ತಾನೇನವ್ವ? ಬಾ, ಹೋಗಾಣ, ಕೇಳ್ಕಂಡು ಬರಾಣ.”

ಮೊದಲು ಅಲ್ಲೇ ಕೂತು ಒಂದು ಕೆಲಸ ಮುಗಿಸಿದರು. ಒಬ್ಬರಿಗೆ ಒಂದು ದಿನಕ್ಕೆ ಒಂದೇ ಸಲ ‘ತಲುಪಿತು’ ಎನ್ನಬೇಕು, ಉತ್ತರಕ್ಕೆ ಉತ್ತರ ಕೊಡಬಾರದು. ಇದು ಈರಕ್ಕ ಹೇಳಿದ್ದು, ಚೈತ್ರಾ ಹತ್ತು ನಿಮಿಷದಲ್ಲಿ ಬರೆದು ಹಾಕಿದಳು. ಎರಡನೆಯದೂ ಈರಕ್ಕನದೇ. ತಿಳಿಯದ್ದನ್ನು ‘ಇತರೆ’ ಎಂದು ಮೂಲೆಗೆ ಹಾಕಬಾರದು, ತಿಳಿಯಲಿಲ್ಲ ಎಂದು ಒಪ್ಪಿಕೊಂಡು ಅದನ್ನು ಆ ಕ್ಷಣವೇ ಈರಕ್ಕನ ಫೋನಿಗೆ ಕಳಿಸಬೇಕು. ಭಾನುವಾರವಾದರೂ ಸರಿ.

ಆಮೇಲೆ ಎರಡು ತಿಂಗಳು, ವಾರಕ್ಕೆರಡು ದಿನ, ಈರಕ್ಕ ಮತ್ತು ಚೈತ್ರಾ ಸ್ಕೂಟರಿನಲ್ಲಿ ಊರೂರು ತಿರುಗಿದರು. ಚೈತ್ರಾ ಓಡಿಸುವುದು, ಈರಕ್ಕ ಹಿಂದೆ ಕೂತು ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಳ್ಳುವುದು. ಹೊಸದುರ್ಗದ ಕಡೆಯವರ ಮಾತು ಒಂದು, ಹೊಳಲ್ಕೆರೆಯವರದು ಇನ್ನೊಂದು. ಕುರಿಗೆ ಜ್ವರ ಬಂದಿದೆ ಎಂದು ಯಾರೂ ಹೇಳುವುದಿಲ್ಲ. ಜೋತು ಬಿದ್ದೈತೆ ಎನ್ನುತ್ತಾರೆ, ಕಿವಿ ಬಿಟ್ಟೈತೆ ಎನ್ನುತ್ತಾರೆ, ಮಂದೆಯಿಂದ ಹಿಂದೆ ಬೀಳ್ತೈತೆ ಎನ್ನುತ್ತಾರೆ. ಜೋಗಿಮಟ್ಟಿಯ ತಪ್ಪಲಿನಲ್ಲಿ ಮೂರ್ತಪ್ಪ ಎಂಬ ಮುದುಕ ಬಂಡೆಯ ನೆರಳಿನಲ್ಲಿ ಕೂರಿಸಿಕೊಂಡು, ಮಜ್ಜಿಗೆ ಕೊಟ್ಟು, ಮೂರು ಗಂಟೆ ಮಾತಾಡಿದ.

“ನಾವು ಮುನಿಸ್ಕಂಡೈತೆ ಅಂತೀವಿ.”

“ಕುರಿ ಮುನಿಸ್ಕಂತೈತಾ ತಾತ?” ಎಂದು ಚೈತ್ರಾ ಕೇಳಿದಳು.

“ಮತ್ತೆ? ಮೇವು ಮುಟ್ಟಲ್ಲ, ಮುಖ ಆ ಕಡೆ ತಿರುಗಿಸ್ಕಂಡು ನಿಲ್ತೈತೆ, ಕರೆದ್ರೆ ಬರಲ್ಲ. ಮೂಗಿನಾಗೆ ಸಿಂಬಳ ಇಳಿಯಾಕೆ ಎರಡು ದಿನ ಮುಂಚೆ ಹಂಗೆ ಮಾಡ್ತೈತೆ. ಮುನಿಸ್ಕಂಡಾಗ್ಲೇ ನೋಡಿದ್ರೆ ಬದುಕ್ತೈತೆ ಕಣವ್ವ. ಸಿಂಬಳ ಕಂಡ ಮ್ಯಾಲೆ ನೋಡಿದ್ರೆ ಕಷ್ಟ.”

ಈರಕ್ಕ ಆ ಪದದ ಕೆಳಗೆ ಎರಡು ಗೆರೆ ಎಳೆದಳು.

ಜೆರಾಕ್ಸ್ ಅಂಗಡಿಗಳನ್ನೂ ಬಿಡಲಿಲ್ಲ. ಅಲ್ಲಿನ ಸಂಗತಿಗಳೇ ಬೇರೆ. ಕನ್ನಡ ಟೈಪ್ ಮಾಡಲು ಬಾರದವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ಹೊಸದುರ್ಗದ ಒಬ್ಬ ಅಂಗಡಿಯವನಂತೂ ಕುರಿ ಎಂಬುದನ್ನು ಹೋಟೆಲಿನ ‘ಕರ್ರಿ’ ಬರೆಯುವ ಹಾಗೆ ಬರೆಯುತ್ತಿದ್ದ. ಅವನ ಕಡೆಯಿಂದ ಬಂದ ಹನ್ನೆರಡು ಇಮೇಲುಗಳನ್ನು ಮಿಷಿನ್ನು ಊಟದ ವಿಷಯ ಎಂದು ತಿಳಿದಿತ್ತು. ಚೈತ್ರಾ ಅದನ್ನು ನೋಡಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಅಕ್ಷರಗಳೂ ಪಟ್ಟಿಗೆ ಸೇರಿದವು. ಹೊಟ್ಟೆ ಉರಿದುಕೊಳ್ಳುವುದು, ಹೊಟ್ಟೆ ಹಿಡಿದುಕೊಂಡು ನಗುವುದು, ಇವು ರೋಗವಲ್ಲ ಎಂದು ಇನ್ನೊಂದು ಪಟ್ಟಿಯಾಯಿತು. ಕೊನೆಗೆ ಎಣಿಸಿದಾಗ ಆರುನೂರ ನಲವತ್ತು ಮಾತು.

ಕಳಿಸಿದವರು ಯಾರು ಎಂಬ ತೊಡಕು ಮಾತ್ರ ಹಾಗೇ ಉಳಿದಿತ್ತು. ಪ್ರತಿ ಸದಸ್ಯನಿಗೂ ಒಂದು ನಂಬರ್ ಕೊಡೋಣ, ಇಮೇಲಿನ ತಲೆಬರಹದಲ್ಲಿ ಆ ನಂಬರ್ ಬರೆಸಿದರೆ ಮಿಷಿನ್ನು ಗುರುತು ಹಿಡಿಯುತ್ತದೆ ಎಂದು ಚೈತ್ರಾ ಹೇಳಿದಳು. ಸಂಘದವರು ಚೀಟಿ ಅಚ್ಚು ಹಾಕಿಸಿ ಹಂಚಿದರು. ತಿಂಗಳಾಗುವುದರೊಳಗೆ ಅರ್ಧ ಚೀಟಿ ಮಳೆಗೆ ನೆನೆದವು, ಉಳಿದರ್ಧದಲ್ಲಿ ಕೆಲವನ್ನು ಕುರಿಗಳೇ ತಿಂದವು. ಸಭೆಯಲ್ಲಿ ಎಲ್ಲರೂ ಯೋಚನೆಯಲ್ಲಿ ಬಿದ್ದರು. ಒಬ್ಬರು ಕೈಗೆ ಹಚ್ಚೆ ಹಾಕಿಸೋಣ ಎಂದೂ ಅಂದರು.

ಈರಕ್ಕ ಎದ್ದು ನಿಂತು ಹೇಳಿದಳು. “ಕುರಿಗಾರ ಚೀಟಿ ಕಳೀತಾನೆ, ಫೋನೂ ಕಳೀತಾನೆ. ಕಂಬಳಿ ಕಳಿಯೋ ಕುರಿಗಾರ ಇನ್ನೂ ಹುಟ್ಟಿಲ್ಲ. ಕಂಬಳಿ ಮೂಲ್ಯಾಗೆ ಕೆಂಪು ದಾರದಾಗೆ ನಂಬರ್ ಹೊಲ್ಸಾಣ.”

ಸಭೆ ಚಪ್ಪಾಳೆ ತಟ್ಟಿತು. ಹಟ್ಟಿಗಳ ಹೆಂಗಸರು ಸೂಜಿ ಹಿಡಿದರು. ಈಗ ಕುರಿಗಾರ ಅಂಗಡಿಗೆ ಬಂದು ಹೆಗಲ ಕಂಬಳಿಯ ಮೂಲೆ ಎತ್ತಿ ತೋರಿಸುತ್ತಾನೆ, ಅಂಗಡಿಯವನು ಆ ನಂಬರ್ ಬರೆಯುತ್ತಾನೆ, ಮಿಷಿನ್ನು ಇಂಥವನ ಮಂದೆ ಎಂದು ತಿಳಿದುಕೊಳ್ಳುತ್ತದೆ. ರಂಗೇಶ್ ಕುರಿಗಾರಿಕೆಯಿಂದ ಬಿಡುಗಡೆ ಪಡೆದು ಈರಕ್ಕನಿಗೆ ಒಂದು ಎಳನೀರು ಕುಡಿಸಿದ.

ಮಾಘ ಮಾಸದಲ್ಲಿ ಈರಕ್ಕನ ನಾದಿನಿಯ ಮಗಳ ಮದುವೆ ಹೊಸದುರ್ಗದಲ್ಲಾಯಿತು. ಅಂದೂ ಭಾನುವಾರ. ಈರಕ್ಕ ಹೊಸ ಸೀರೆ ಉಟ್ಟಿದ್ದಳು. ಸೊಂಟದಲ್ಲಿ ಫೋನು ಸಿಕ್ಕಿಸಿಕೊಂಡು, ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಫೋನು ಸದ್ದು ಮಾಡಲಿಲ್ಲ. ಧಾರೆ ನೋಡಿದಳು, ಪಂಕ್ತಿಯಲ್ಲಿ ಕೂತು ಎರಡು ಹೋಳಿಗೆ ತಿಂದಳು, ಮೂರನೆಯದನ್ನು ಕಾಟಲಿಂಗಪ್ಪ ಅವಳ ಎಲೆಗೆ ದಾಟಿಸಿದ.

ಸೋಮವಾರ ಕಚೇರಿಗೆ ಬಂದು ನೋಡಿದರೆ, ಭಾನುವಾರ ಬೆಳಿಗ್ಗೆ ಹತ್ತು ಐವತ್ತೆರಡಕ್ಕೆ ಹೊಸದುರ್ಗದ ಕರ್ರಿ ಅಂಗಡಿಯಿಂದ ಒಂದು ಇಮೇಲ್ ಬಂದಿತ್ತು. ಇನ್ನೂರ ಹದಿನೇಳನೆಯ ನಂಬರಿನ ಸದಸ್ಯನದು. ಇಡೀ ಇಮೇಲಿನಲ್ಲಿ ಒಂದೇ ಸಾಲು: ‘ಕುರಿ ನಿನ್ನೆಯಿಂದ ಮುನಿಸ್ಕಂಡವೆ’.

ಹತ್ತು ಐವತ್ತಮೂರಕ್ಕೆ ಅದು ಡಾಕ್ಟರ ಫೋನಿಗೆ ಹೋಗಿತ್ತು. ಹನ್ನೆರಡೂವರೆಗೆ ಡಾಕ್ಟರು ಮಂದೆಯ ಹತ್ತಿರ ಇದ್ದರು. ಅದು ಹಿರೇಬೇನೆಯ ಶುರು. ಒಂದರಿಂದ ಇನ್ನೊಂದಕ್ಕೆ ಹರಡಿದರೆ ಮಂದೆಗೆ ಮಂದೆಯೇ ಮಲಗಿಸುವ ರೋಗ. ಕಾಯಿಲೆಯವನ್ನು ಬೇರೆ ಮಾಡಿ, ಸಂಜೆಯೊಳಗೆ ಸುತ್ತಲ ಮೂರು ಹಟ್ಟಿಯ ಆರೋಗ್ಯವಾಗಿದ್ದ ಕುರಿಗಳಿಗೆಲ್ಲ ಲಸಿಕೆ ಹಾಕಿಸಿದ್ದರು. ಒಂದೂ ಸಾಯಲಿಲ್ಲ.

ಈರಕ್ಕ ಅದನ್ನು ಮೂರು ಸಲ ಓದಿದಳು. ರೋಗದ ಹೆಸರೇ ಇಲ್ಲದ ಇಂಥ ಕಾಗದವೊಂದು ಅವಳನ್ನು ಕೇಳದೆ ಸರಿಯಾದ ಕಡೆಗೆ ಹೋದದ್ದು ಇದೇ ಮೊದಲು. ಚೈತ್ರಾಳಿಗೆ ಫೋನ್ ಮಾಡಿದಳು.

“ಏನವ್ವ, ನನ್ನ ಒಂದ್ ಮಾತೂ ಕೇಳ್ದಂಗೆ ಮಾಡೈತಲ್ಲ ಇದು!”

“ಕೇಳೋ ಅಗತ್ಯ ಇರಲಿಲ್ಲ ಅಕ್ಕ. ನೀವು ಆಗಲೇ ಹೇಳಿಕೊಟ್ಟಿದ್ರಲ್ಲ.”

ಈರಕ್ಕ, “ಅದೂ ನಿಜವೇ ಬಿಡು. ನಾನು ಅಲ್ಲೇ ಎರಡು ಮೈಲಿ ದೂರದಾಗೆ ಹೋಳಿಗೆ ತಿಂತಿದ್ದೆ” ಎಂದು ನಕ್ಕಳು. ಮೇಜಿನ ಮೇಲಿದ್ದ ಮೂರು ಟ್ರೇಗಳನ್ನು ಅವತ್ತು ಒರೆಸಿ ಅಲ್ಮೇರಾದ ಒಳಗಿಟ್ಟಳು.

ಮುಂದಿನ ಸಭೆಯಲ್ಲಿ ಹಾಜರಿ ಪುಸ್ತಕದ ‘ಟೈಪಿಸ್ಟ್’ ಎಂಬುದನ್ನು ಬದಲಿಸಬೇಕೆಂದು ಶಿವಕುಮಾರಪ್ಪನವರೇ ಪ್ರಸ್ತಾಪ ತಂದರು. ಏನೆಂದು ಬರೆಯುವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಚರ್ಚೆ ನಡೆಯುತ್ತಲೇ ಇದೆ. ಸಂಬಳ ಮಾತ್ರ ಆ ತಿಂಗಳಿನಿಂದಲೇ ಹೆಚ್ಚಿತು.

ಈಗ ದಿನಕ್ಕೆ ಎಂಟೋ ಹತ್ತೋ ಇಮೇಲ್ ಮಾತ್ರ ತಿಳಿಯಲಿಲ್ಲ ಎಂದು ಅವಳ ಹತ್ತಿರ ಬರುತ್ತವೆ. ಉಳಿದ ಹೊತ್ತಿನಲ್ಲಿ ಅವಳು ಹಟ್ಟಿಗಳಿಂದ ಬಂದ ಹೆಂಗಸರಿಗೆ ಮಂದೆಯ ಸುದ್ದಿ ಹೇಳುತ್ತಾಳೆ. ಇಮೇಲ್ ಯಾವ ಊರಿನ ಅಂಗಡಿಯಿಂದ ಬಂತು ಎಂಬುದನ್ನು ಮಿಷಿನ್ನು ಬರೆದಿಡುವುದರಿಂದ, ಯಾರ ಮಂದೆ ಎಲ್ಲಿದೆ ಎಂದು ಕಂಪ್ಯೂಟರಿನಲ್ಲಿ ಕಾಣುತ್ತದೆ.

ಹೋದ ತಿಂಗಳು ರೋಜಾ ಎಂಬ ಹೊಸ ಮದುಮಗಳು ಕಂಬಳಿಗೆ ಉಣ್ಣೆ ಕೊಡಲು ಬಂದವಳು, ಗಂಡನ ನಂಬರ್ ಹೇಳಿ, ನೋಡಕ್ಕ ಎಂದಳು. ಈರಕ್ಕ ನೋಡಿದಳು.

“ಇವತ್ತು ಬೆಳಿಗ್ಗೆ ಹೊಳಲ್ಕೆರೆಯಿಂದ ಕಳಿಸ್ಯಾನೆ. ಹುಳದ ಔಷಧಿ ಬೇಕಂತೆ.”

“ಹೊಳಲ್ಕೆರೆನಾ?” ರೋಜಾಳ ಹುಬ್ಬು ಮೇಲೇರಿತು. “ನಿನ್ನೆ ಫೋನಿನಾಗೆ ಭದ್ರಾವತಿ ದಾಟೀನಿ, ಬರಾಕೆ ಹದಿನೈದು ದಿನ ಆಗ್ತೈತೆ ಅಂದ. ಹೊಳಲ್ಕೆರ್ಯಾಗೆ ಅವನ ಅಕ್ಕನ ಮನೆ ಐತೆ. ಕುಂತ್ಕಂಡು ಬಾಡೂಟ ಹೊಡೀತಾವ್ನೆ!”

ಈರಕ್ಕ ಸಮಾಧಾನ ಹೇಳುವಷ್ಟರಲ್ಲಿ ಅವಳು ಉಣ್ಣೆಯ ಗಂಟನ್ನು ಅಲ್ಲೇ ಇಟ್ಟು, ಸೆರಗು ಬಿಗಿದು, ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟಳು. ಸಂಜೆ ಅದೇ ಹೊಳಲ್ಕೆರೆಯ ಅಂಗಡಿಯಿಂದ ಇನ್ನೊಂದು ಇಮೇಲ್ ಬಂತು. ಮಿಷಿನ್ನಿಗೆ ತಿಳಿಯಲಿಲ್ಲ, ಈರಕ್ಕನಿಗೆ ಕಳಿಸಿತು. ‘ಈರಕ್ಕ, ನಾನೆಲ್ಲಿದೀನಿ ಅಂತ ನನ್ನ ಹೆಂಡ್ತಿಗೆ ಯಾಕೆ ಹೇಳಿದ್ರಿ? ಬಂದು ಕುಂತವಳೆ. ಅಕ್ಕ ಅವಳಿಗೂ ಮುದ್ದೆ ಬಾಡು ಬಡಿಸವಳೆ. ಮೂರು ದಿನ ಇದ್ದು ಹೋಗ್ತಾಳಂತೆ. ಉಣ್ಣೆ ಗಂಟು ಜೋಪಾನ ಮಾಡ್ರಿ.’

ಈರಕ್ಕ ಗಂಟನ್ನು ಎತ್ತಿ ಅಲ್ಮೇರಾದಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ಕೂತು, ಮಿಷಿನ್ನಿನ ಕೈಗೆ ಬಿಡದೆ, ತಾನೇ ಉತ್ತರ ಟೈಪ್ ಮಾಡಿದಳು: ‘ಗಂಟು ಬೀಗದಾಗೈತೆ, ಹೆಂಡ್ತಿ ಮುನಿಸ್ಕಳ್ದಂಗೆ ನೀನು ನೋಡ್ಕಳಪ್ಪ.’